ತಬ್ಬಲಿ ಮಾಡಿದವರೇ ಲೆಕ್ಕ ಕೊಡಲಿ

ಅಮೆರಿಕದ ಅಯೋವಾ ಸಂಸ್ಥಾನದಲ್ಲಿ ಪೋಸ್ಟ್‌ವಿಲ್ ಎಂಬ ಪುಟ್ಟ ಊರಿದೆ. ಅಲ್ಲಿ ಎರಡು ಸಾವಿರಕ್ಕೂ ಹೆಚ್ಚು ಜನ, ಒಂದು ದೊಡ್ಡ ಮಾಂಸದ ಕಾರ್ಖಾನೆ. 2008ನೆಯ ಇಸವಿ ಮೇ 12ರಂದು ವಲಸೆ ಇಲಾಖೆಯವರು ಕಾರ್ಖಾನೆಗೆ ನುಗ್ಗಿ 389 ಕೂಲಿಕಾರರನ್ನು ಹಿಡಿದರು. ಹೆಚ್ಚಿನವರು ಹೊಟ್ಟೆಪಾಡಿಗೆ ಗ್ವಾಟೆಮಾಲಾದಿಂದ ಬಂದ ಬಡವರು. ದನದ ಜಾತ್ರೆಯ ಮೈದಾನದಲ್ಲಿ ಕೋರ್ಟು ಹೂಡಿ, ಸುಳ್ಳು ಕಾಗದಪತ್ರದ ಅಪರಾಧಕ್ಕಾಗಿ ಬಹುಮಂದಿಗೆ 5 ತಿಂಗಳ ಸೆರೆ, ಆಮೇಲೆ ಗಡೀಪಾರು ವಿಧಿಸಿದರು.

ಅವರ ಮಕ್ಕಳ ಗತಿ? ಕೆಲವು ತಾಯಂದಿರನ್ನು ಬಿಟ್ಟದ್ದೇನೋ ನಿಜ. ಆದರೆ ಕಾಲಿಗೆ ವಿದ್ಯುತ್ ಕಡಗ ತೊಡಿಸಿ, ದುಡಿಯಕೂಡದೆಂದು ಕಟ್ಟು ಮಾಡಿದರು! ದುಡಿಯದೆ ಕೂಸಿಗೆ ಹಾಲು ಎಲ್ಲಿಂದ ಬರಬೇಕು? ಸೇಂಟ್ ಬ್ರಿಜೆಟ್ ಚರ್ಚಿನವರು ಬಾಗಿಲು ತೆರೆದು ಅನ್ನ, ಆಸರೆ, ಮನೆಬಾಡಿಗೆ ಕೊಟ್ಟರು. ಅವರಿಗೆ ನಾವು ಕೈಮುಗಿಯುತ್ತೇವೆ.

ಆದರೆ ಧನಿಯ ಲೆಕ್ಕವೇನಾಯಿತು? ಕಾಗದವಿಲ್ಲದವರನ್ನು ದುಡಿಸಿದ ಆಪಾದನೆಯನ್ನು ಸರ್ಕಾರ 2009ರಲ್ಲಿ ಕೈಬಿಟ್ಟಿತು. ಬ್ಯಾಂಕಿಗೆ ಮಾಡಿದ ಮೋಸಕ್ಕೆ ಮಾತ್ರ 2010ರಲ್ಲಿ 27 ವರ್ಷದ ಸಜೆಯಾಯಿತು. 2017ರಲ್ಲಿ ಅಧ್ಯಕ್ಷ ಟ್ರಂಪ್ ಅದನ್ನೂ ಮೊಟಕುಗೊಳಿಸಿದರು. ಬ್ಯಾಂಕಿನ ಹಣಕ್ಕೆ ಕಾನೂನಿದೆ, ಕೂಲಿಕಾರನ ಮಗುವಿಗಿಲ್ಲ!

ಕಾನೂನು ಮುರಿದವರನ್ನು ಕಳಿಸಬಾರದೆ ಎಂದು ಕೇಳುವವರಿದ್ದಾರೆ. ನಾವು ಕೇಳುತ್ತೇವೆ: ಮಗು ಯಾವ ಕಾನೂನು ಮುರಿಯಿತು? 1868ರ ಹದಿನಾಲ್ಕನೆಯ ತಿದ್ದುಪಡಿಯಂತೆ ಅಮೆರಿಕದಲ್ಲಿ ಹುಟ್ಟಿದ ಇಂಥ ಮಕ್ಕಳು ಅಲ್ಲಿಯ ಪ್ರಜೆಗಳೇ. ತಂದೆತಾಯಿ ಬೇಕೆಂದರೆ ದೇಶ ಬಿಡಬೇಕು; ದೇಶ ಬೇಕೆಂದರೆ ತಂದೆತಾಯಿಯನ್ನು ಬಿಡಬೇಕು. ಇದು ನ್ಯಾಯವೆ?

ವರ್ತಕ ಬಂಧುಗಳೂ ಕೇಳಬೇಕು. ಕೂಲಿಕಾರರು ಹೋದ ಮೇಲೆ ಪೋಸ್ಟ್‌ವಿಲ್ಲಿನ ಅಂಗಡಿಗಳಿಗೂ ಬೀಗ ಬಿತ್ತು. ಅದೇ ನವೆಂಬರಿನಲ್ಲಿ ಕಾರ್ಖಾನೆ ದಿವಾಳಿಯೆದ್ದಿತು. ಗಿರಾಕಿಯ ಒಲೆ ಆರಿದರೆ ಅಂಗಡಿಯ ದೀಪ ಉರಿಯದು.

2025ರಿಂದ ಅಮೆರಿಕದಲ್ಲಿ ಗಡೀಪಾರಿನ ಬಿರುಸು ಮತ್ತೆ ಹೆಚ್ಚಿದೆ. ಈಗ ಮಾಡಬೇಕಾದುದು ಸ್ಪಷ್ಟವಿದೆ. ತಂದೆತಾಯಿ ಸಿಕ್ಕಿಬೀಳುವ ಮೊದಲೇ ಮಗುವಿನ ಪಾಲಕರಾರೆಂದು ಕಾಗದ ಬರೆಸಿಡಲು ಕಾರ್ಮಿಕ ಸಂಘಗಳು ನೆರವಾಗಬೇಕು. ವಕೀಲರ ಫೀಜು, ಊಟ, ಶಾಲೆಯ ಖರ್ಚನ್ನು ಚರ್ಚಿನ ಕಾಣಿಕೆ ಡಬ್ಬಿಯಿಂದಲ್ಲ, ದುಡಿಸಿಕೊಂಡ ಧನಿಯ ಲಾಭದಿಂದ ವಸೂಲು ಮಾಡಬೇಕು. ಮಗುವಿನ ಗತಿಯನ್ನು ವಿಚಾರಿಸದೆ ಯಾರನ್ನೂ ಗಡಿ ದಾಟಿಸಕೂಡದು.

ಗುಳೆ ಹೋಗುವ ಸಂಕಟ ನಮ್ಮ ನಾಡಿಗೆ ಹೊಸತಲ್ಲ. ಆದುದರಿಂದಲೇ ಆ ಮಕ್ಕಳನ್ನು ನಾವು ಪರರ ಮಕ್ಕಳೆನ್ನಲಾರೆವು. ಅವರಿಗೆ ಬೇಕಾದುದು ಭಿಕ್ಷೆಯಲ್ಲ, ಹಕ್ಕು!