ಮಹಾಮಾರಿಯ ದಿನಗಳಲ್ಲಿ ಪುಟ್ಟ ರೈಲಿನ ಜಾತ್ರೆ

ಆಟಿಕೆಯ ರೈಲು ಎಂದೊಡನೆ ನಮ್ಮ ಕಣ್ಣೆದುರು ಬರುವುದು ಜಾತ್ರೆಯಿಂದ ತಂದ ತಗಡಿನ ಬಂಡಿ. ಕೀಲಿ ಕೊಟ್ಟು ಬಿಟ್ಟರೆ ಜಗಲಿಯುದ್ದಕ್ಕೂ ಓಡಿ ಗೋಡೆಗೆ ಬಡಿದು ಮಗುಚಿಕೊಳ್ಳುವ ಆ ಬಂಡಿ ಮಕ್ಕಳ ಸೊತ್ತು. ಹಿರಿಯರು ಅದರ ಮುಂದೆ ಕುಳಿತರೆ ಮನೆಮಂದಿಯೆಲ್ಲ ನಕ್ಕಾರು. ಆದರೆ ಅಮೆರಿಕ, ಇಂಗ್ಲೆಂಡು, ಜರ್ಮನಿಗಳಲ್ಲಿ ಇದು ಬಹುಮಟ್ಟಿಗೆ ತಲೆ ನರೆತವರ ವಿದ್ಯೆ. ನಿವೃತ್ತರಾದ ಉಪಾಧ್ಯಾಯರು, ಇಂಜಿನಿಯರರು, ರೈಲ್ವೆಯಲ್ಲೇ ದುಡಿದು ಬಂದವರು ನೆಲಮಾಳಿಗೆಯಲ್ಲೋ ಕಾರಿನ ಕೊಟ್ಟಿಗೆಯಲ್ಲೋ ಕುಳಿತು, ಬೆಟ್ಟ, ಸೇತುವೆ, ನಿಲ್ದಾಣ, ದೀಪಸ್ತಂಭಗಳ ಸಮೇತ ಒಂದು ಚಿಕ್ಕ ಪ್ರಪಂಚವನ್ನೇ ನಿರ್ಮಿಸಿ ಅದರೊಳಗೆ ರೈಲು ಓಡಿಸುತ್ತಾರೆ.

ಈ ವಿದ್ಯೆಯಲ್ಲಿ ಅಳತೆಯೇ ಪ್ರಾಣ. ಎಚ್‌ಓ ಎಂಬ ಬಹುಪ್ರಚಾರದ ಅಳತೆಯಲ್ಲಿ ಪ್ರತಿಯೊಂದು ವಸ್ತುವೂ ನಿಜವಾದುದರ 87ರಲ್ಲಿ ಒಂದು ಪಾಲು. ಎರಡು ಕಂಬಿಗಳ ನಡುವಣ ಅಂತರ 16.5 ಮಿಲಿಮೀಟರು. ಅಮೆರಿಕದ ಎನ್ ಅಳತೆಯಲ್ಲಿ 160ರಲ್ಲಿ ಒಂದು ಪಾಲು. ಕಂಬಿಗಳ ಅಂತರ ಕೇವಲ 9 ಮಿಲಿಮೀಟರು. ನಮ್ಮ ದೇಶದ ಬ್ರಾಡ್‌ಗೇಜು 1676 ಮಿಲಿಮೀಟರಿನದಾದ್ದರಿಂದ, ಲೆಕ್ಕಕ್ಕೆ ಸರಿಯಾಗಿ ಮಾಡಹೊರಟರೆ ಎಚ್‌ಓ ಅಳತೆಯಲ್ಲಿ 19 ಮಿಲಿಮೀಟರಿಗೂ ತುಸು ಹೆಚ್ಚೇ ಬೇಕಾಗುತ್ತದೆ. ಪೇಟೆಯಲ್ಲಿ ದೊರೆಯುವ ಹಳಿ 16.5ರದು, ನಮ್ಮ ಬಂಡಿಗಳ ಮಾದರಿ ಮಾಡುವವರು ಸಾಮಾನ್ಯವಾಗಿ ಅದರಲ್ಲೇ ತೃಪ್ತಿಪಡುತ್ತಾರೆ. ಗಡಿಯಲ್ಲಿ ಬಾಳುವವರಿಗೆ ಇಂಥ ಹೊಂದಾಣಿಕೆ ಹೊಸತೇನಲ್ಲ.

ಇನ್ನು ಈ ಲೇಖನದ ಮುಖ್ಯ ವಿಷಯಕ್ಕೆ ಬರುವೆ. ಮನೆಯೊಳಗಿನ ಜಾಗ ಎಷ್ಟಿದ್ದೀತು? 100 ಡಬ್ಬಿಗಳ ಸರಕು ರೈಲನ್ನು ಕೋಣೆಯೊಂದರಲ್ಲಿ ಓಡಿಸಿದರೆ ಅದರ ತಲೆ ಬಾಲವನ್ನು ಮುಟ್ಟೀತು. ಈ ಕೊರತೆಗೆ 1970ರ ದಶಕದಲ್ಲಿ ಕ್ಯಾಲಿಫೋರ್ನಿಯದ ಹವ್ಯಾಸಿಗಳು ಒಂದು ಸೊಗಸಾದ ಪರಿಹಾರ ಕಂಡುಕೊಂಡರು. ಎನ್‌ಟ್ರ್ಯಾಕ್ ಎಂದು ಅದರ ಹೆಸರು. ನಾಲ್ಕಡಿ ಉದ್ದ, ಎರಡಡಿ ಅಗಲದ ಹಲಗೆಯ ಮೇಲೆ ಪ್ರತಿಯೊಬ್ಬನೂ ತನಗೆ ಇಷ್ಟವಾದ ದೃಶ್ಯವನ್ನು ಕಟ್ಟಬಹುದು: ಒಬ್ಬನದು ಮರುಭೂಮಿ, ಇನ್ನೊಬ್ಬನದು ಬಂದರು, ಮತ್ತೊಬ್ಬನದು ತನ್ನ ತಾತನ ಊರಿನ ನಿಲ್ದಾಣ. ನಿಯಮವಿರುವುದು ಅಂಚಿನಲ್ಲಿ ಮಾತ್ರ. ಮೂರು ಹಳಿಗಳು ಹಲಗೆಯ ಎರಡೂ ತುದಿಗಳಲ್ಲಿ ಗೊತ್ತುಪಡಿಸಿದ ಸ್ಥಳದಲ್ಲೇ ಬಂದು ಮುಗಿಯಬೇಕು. ಆಗ ಯಾರ ಹಲಗೆಯನ್ನು ಯಾರ ಹಲಗೆಗೆ ಜೋಡಿಸಿದರೂ ರೈಲು ದಾಟಿಹೋಗುತ್ತದೆ. ಆದರೆ ಒಂಟಿಯಾಗಿ ಉಳಿದ ಹಲಗೆಗೆ ಪೂರ್ಣತೆಯಿಲ್ಲ. ಅದರ ಮೇಲೆ ರೈಲು ನಾಲ್ಕಡಿ ಮುಂದೆ ಹೋಗಿ ನಾಲ್ಕಡಿ ಹಿಂದೆ ಬರಬೇಕು. ಅದು ರೈಲುಮಾರ್ಗ ಎನಿಸುವುದು ಪ್ರದರ್ಶನದ ದಿನವೇ.

ಇಂಥ ಪ್ರದರ್ಶನಗಳು ಶಾಲೆಯ ಅಂಗಳದಲ್ಲಿ, ಚರ್ಚಿನ ಸಭಾಂಗಣದಲ್ಲಿ, ಜಿಲ್ಲಾ ಜಾತ್ರೆಯ ಮೈದಾನದಲ್ಲಿ ವರ್ಷವಿಡೀ ನಡೆಯುತ್ತಿರುತ್ತವೆ. ಮ್ಯಾಸಚೂಸೆಟ್ಸ್ ಪ್ರಾಂತದ ವೆಸ್ಟ್ ಸ್ಪ್ರಿಂಗ್‌ಫೀಲ್ಡಿನಲ್ಲಿ ಆಮ್ಹರ್ಸ್ಟ್ ರೈಲ್ವೆ ಸೊಸೈಟಿಯವರು ಜನವರಿಯ ಕೊನೆಯಲ್ಲಿ ನಡೆಸುವ ಮೇಳ ಬಹು ದೊಡ್ಡದು: ನಾಲ್ಕು ಕಟ್ಟಡಗಳು, ಎರಡು ದಿನ, 20,000ಕ್ಕೂ ಮೀರಿದ ಜನ. ಪೆನ್ಸಿಲ್ವೇನಿಯದ ಯಾರ್ಕಿನಲ್ಲಿ ಏಪ್ರಿಲ್ ಮತ್ತು ಅಕ್ಟೋಬರ್ ತಿಂಗಳುಗಳಲ್ಲಿ ಹಳೆಯ ಆಟಿಕೆ ರೈಲುಗಳ ಸಂಗ್ರಾಹಕರು ನೆರೆಯುತ್ತಾರೆ. ಪ್ರವೇಶದ ಹಣವೂ ಮಾರಾಟದ ಮೇಜುಗಳ ಬಾಡಿಗೆಯೂ ಎಷ್ಟೋ ಸಂಘಗಳಿಗೆ ಜೀವನಾಧಾರ. ಸಂಘದ ಮನೆಯ ಬಾಡಿಗೆ ಸಲ್ಲುವುದು ಅದರಿಂದಲೇ.

2020ರ ಮಾರ್ಚಿನಲ್ಲಿ ಕೊರೋನಾ ಬಂದು ಇವೆಲ್ಲವೂ ಒಮ್ಮೆಗೇ ನಿಂತವು. ಅದೇ ಮಾರ್ಚಿನಲ್ಲಿ ನಮ್ಮ ಯಕ್ಷಗಾನ ಮೇಳಗಳೂ ಪತ್ತನಾಜೆಗೆ ಮುಂಚೆಯೇ ಗೆಜ್ಜೆ ಬಿಚ್ಚಿದುದನ್ನು ಕಾಸರಗೋಡಿನ ವಾಚಕರು ಮರೆತಿರಲಾರರು. ಯಾರ್ಕಿನ ಏಪ್ರಿಲ್ ಮೇಳ ರದ್ದಾಯಿತು. ಸೇಂಟ್ ಲೂಯಿಯಲ್ಲಿ ಆ ಬೇಸಗೆಯಲ್ಲಿ ನಡೆಯಬೇಕಾಗಿದ್ದ ರಾಷ್ಟ್ರೀಯ ಸಮ್ಮೇಳನವೂ ರದ್ದಾಯಿತು. 2021ರ ಜನವರಿಯಲ್ಲಿ ವೆಸ್ಟ್ ಸ್ಪ್ರಿಂಗ್‌ಫೀಲ್ಡಿನ ಕಟ್ಟಡಗಳಲ್ಲಿ ಒಂದು ರೈಲೂ ಓಡಲಿಲ್ಲ. ರದ್ದುಪಡಿಸಿದವರನ್ನು ಅಂಜುಬುರುಕರೆಂದವರೂ ಉಂಟು. ಆ ಮಾತು ಸಲ್ಲದು. ಬರುವವರಲ್ಲಿ ಹೆಚ್ಚಿನವರು ಅರುವತ್ತು ದಾಟಿದವರು. ಆ ರೋಗವೋ ಮುಖ್ಯವಾಗಿ ವೃದ್ಧರನ್ನೇ ಆರಿಸಿಕೊಂಡು ಕೊಲ್ಲುತ್ತಿತ್ತು.

ವಿಚಿತ್ರವೆಂದರೆ, ಮೇಳಗಳು ನಿಂತ ವರ್ಷವೇ ಹವ್ಯಾಸ ಹೆಚ್ಚಿತು. ಮನೆಯಲ್ಲೇ ಉಳಿದ ಜನ ಅಟ್ಟದ ಮೇಲಿನ ಪೆಟ್ಟಿಗೆಗಳನ್ನು ಇಳಿಸಿದರು. ಇಂಗ್ಲೆಂಡಿನ ಹಳೆಯ ಆಟಿಕೆ ಸಂಸ್ಥೆಯಾದ ಹಾರ್ನ್‌ಬಿಯ ವ್ಯಾಪಾರ 2021ರ ಮಾರ್ಚಿಗೆ ಮುಗಿದ ವರ್ಷದಲ್ಲಿ ಶೇಕಡಾ 28ರಷ್ಟು ಏರಿ 4 ಕೋಟಿ 85 ಲಕ್ಷ ಪೌಂಡಾಯಿತು. ವರ್ಷಗಳಿಂದ ನಷ್ಟದಲ್ಲಿದ್ದ ಸಂಸ್ಥೆ ಅಲ್ಪ ಲಾಭವನ್ನೂ ಕಂಡಿತು. ಕಂಪ್ಯೂಟರಿನ ಪರದೆಯ ಮೇಲೆ ಸಮ್ಮೇಳನಗಳು ನಡೆದವು. ಪರದೆಯಲ್ಲಿ ಉಪನ್ಯಾಸ ಕೇಳಬಹುದು, ಚಿತ್ರ ನೋಡಬಹುದು. ಒಬ್ಬನ ಹಲಗೆಯನ್ನು ಇನ್ನೊಬ್ಬನ ಹಲಗೆಗೆ ಜೋಡಿಸಲು ಮಾತ್ರ ಬರುವುದಿಲ್ಲ. ಮನೆಮನೆಗಳಲ್ಲಿ ಹೊಸ ನಿಲ್ದಾಣಗಳು ಸಿದ್ಧವಾದವು. ರೈಲು ಮಾತ್ರ ನಾಲ್ಕಡಿಯಲ್ಲೇ ಹೋಗಿಬರುತ್ತಿತ್ತು.

ಲಸಿಕೆ ಬಂದ ಮೇಲೆ, 2021ರ ಅಕ್ಟೋಬರಿನಲ್ಲಿ ಯಾರ್ಕಿನವರು ಮತ್ತೆ ಸೇರಿದರು. ವೆಸ್ಟ್ ಸ್ಪ್ರಿಂಗ್‌ಫೀಲ್ಡಿನ ಮೇಳ 2022ರ ಜನವರಿ ಕೊನೆಗೆ ಮರಳಿತು. ಒಮಿಕ್ರಾನ್ ರೂಪದ ರೋಗ ಇನ್ನೂ ಇಳಿಯದಿದ್ದ ಕಾಲವದು. ಸಾಲದುದಕ್ಕೆ ಅದೇ ಶನಿವಾರ ಆ ಪ್ರಾಂತದ ಮೇಲೆ ಭಾರಿ ಹಿಮಬಿರುಗಾಳಿ ಎರಗಿ, ಬೋಸ್ಟನ್ ನಗರದಲ್ಲಿ ಒಂದೇ ದಿನ ಸುಮಾರು ಎರಡಡಿ ಹಿಮ ಬಿದ್ದಿತು.

ಅಲ್ಲಿ ನೆಲೆಸಿರುವ ನಮ್ಮ ಸೋದರಳಿಯನೊಬ್ಬನು ಮರುದಿನ ಭಾನುವಾರ ಏಳು ವರ್ಷದ ಮಗಳೊಡನೆ ಹೋಗಿಬಂದು ದೀರ್ಘವಾಗಿ ಬರೆದಿದ್ದ. "ಮಾವ, ಮಾಸ್ಕು ಹಾಕಿಕೊಂಡರೆ ಕನ್ನಡಕ ಮಂಜಾಗುತ್ತದೆ, ಮಂಜಾದ ಕನ್ನಡಕದಲ್ಲಿ 9 ಮಿಲಿಮೀಟರಿನ ಹಳಿಯ ಮೇಲೆ ಚಕ್ರ ಕೂರಿಸುವ ಮುದುಕರ ಪಾಡನ್ನು ನೀವು ನೋಡಬೇಕಿತ್ತು" ಎಂಬುದು ಅವನ ಪತ್ರದ ಮೊದಲ ಮಾತು. ಹಲಗೆಗಳನ್ನು ವರ್ತುಲವಾಗಿ ಜೋಡಿಸಿದಾಗ ರೈಲು ನಡೆಸುವವರು ಅದರೊಳಗಣ ಇಕ್ಕಟ್ಟಿನಲ್ಲಿ ಹೆಗಲಿಗೆ ಹೆಗಲು ತಾಗಿಸಿ ನಿಲ್ಲುವುದು ವಾಡಿಕೆ. ಅಂದು ಒಳಗೆ ಇಬ್ಬರೋ ಮೂವರೋ. ಉಳಿದವರು ಹೊರಗೆ ದೂರದೂರ ನಿಂತು ತಂತಮ್ಮ ಕೈಫೋನಿನಿಂದಲೇ ರೈಲನ್ನು ನಡೆಸಿದರಂತೆ. ಎರಡು ವರ್ಷ ಕಾಣದಿದ್ದವರು ಕೈಕುಲುಕಲು ಹೋಗಿ ತಡೆದು, ಮೊಣಕೈ ತಾಗಿಸಿ ನಕ್ಕರಂತೆ. ಕಿವಿ ಮಂದವಾದವರಿಗೆ ತುಟಿಯ ಚಲನೆ ಕಾಣದೆ ಮಾತು ತಿಳಿಯುತ್ತಿರಲಿಲ್ಲ. ಕೆಲವರು ಚೀಟಿಯಲ್ಲಿ ಬರೆದು ಬೆಲೆ ಕೇಳುತ್ತಿದ್ದರು.

ಪತ್ರದಲ್ಲಿ ನಮ್ಮ ಮನಸ್ಸನ್ನು ಹಿಡಿದು ನಿಲ್ಲಿಸಿದ್ದು ಬೇರೊಂದು ಸಂಗತಿ. ತೀರಿಕೊಂಡವರ ಸಂಗ್ರಹವನ್ನು ಮನೆಯವರು ತಂದು ಮಾರುವ ಮೇಜುಗಳು ಇಂಥ ಮೇಳಗಳಲ್ಲಿ ಎಂದೂ ಇರುತ್ತವೆ. ಆ ಸಲ ಅವು ಅವನ ಕಣ್ಣಿಗೆ ಹೆಚ್ಚಾಗಿ ಕಂಡವು. ಒಂದು ಮೇಜಿನ ಹಿಂದೆ ಕುಳಿತಿದ್ದ ವೃದ್ಧೆಯ ಬಳಿ ಇವನು ಒಂದು ಉಗಿಯಂತ್ರವನ್ನು ಕೊಂಡ. ಪೆಟ್ಟಿಗೆಯೊಳಗೆ ಚಿಕ್ಕ ಚೀಟಿ: ಕೊಂಡ ದಿನ, ಎಣ್ಣೆ ಹಾಕಿದ ದಿನಗಳು, ಎಲ್ಲವೂ ದುಂಡಾದ ಅಕ್ಷರದಲ್ಲಿ, ಕೊನೆಯ ತಾರೀಖು 2020ರ ಫೆಬ್ರವರಿ. ಚೀಟಿಯನ್ನು ಹಿಂದಿರುಗಿಸಹೋದರೆ ಆಕೆ, "ಅದು ಎಂಜಿನ್ನಿನ ಜೊತೆಯಲ್ಲೇ ಇರಲಿ, ಮುಂದೆ ಎಣ್ಣೆ ಹಾಕುವವರಿಗೆ ಬೇಕಾಗುತ್ತದೆ" ಎಂದರಂತೆ. ರೋಗದ ಭಯವಿದ್ದೂ ಹಿಮದಲ್ಲಿ ಅಷ್ಟು ದೂರ ಬಂದವರನ್ನು ಹುಚ್ಚರೆಂದು ಕರೆಯಲು ಈ ಮಾತು ಓದಿದ ಬಳಿಕ ನಮಗೆ ನಾಲಗೆ ಏಳದು.

ಎಲ್ಲ ಮೇಳಗಳೂ ಚೇತರಿಸಿಕೊಳ್ಳಲಿಲ್ಲ. ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿನ ಎನ್‌ಇಸಿ ಸಭಾಂಗಣದಲ್ಲಿ ವಾರ್ಲಿ ಎಂಬ ಸಂಘದವರು ನವೆಂಬರಿನಲ್ಲಿ ನಡೆಸುತ್ತಿದ್ದ ರಾಷ್ಟ್ರೀಯ ಪ್ರದರ್ಶನ 2022ರಲ್ಲಿ ಮರಳಿ ಬಂದಿತು. 2023ರದೇ ಅದರ ಕೊನೆಯದಾಯಿತು. ನೋಡುವ ಜನಕ್ಕೆ ಕೊರತೆಯಿರಲಿಲ್ಲ. ಅಷ್ಟು ದೊಡ್ಡ ಕಾರ್ಯವನ್ನು ಸಂಬಳವಿಲ್ಲದೆ ಹೊರುವ ಕೈಗಳು ಸಂಘದಲ್ಲಿ ಉಳಿದಿರಲಿಲ್ಲ. ಪರವೂರುಗಳಲ್ಲಿ ಕನ್ನಡ ಸಂಘ ನಡೆಸಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಚಿಕ್ಕ ಮೇಳಗಳು ಮಾತ್ರ ನಡೆಯುತ್ತಿವೆ. ಟಿ-ಟ್ರ್ಯಾಕ್ ಎಂಬ ಪದ್ಧತಿಯಲ್ಲಿ ಒಂದು ಹಲಗೆಯ ಉದ್ದ ಸುಮಾರು ಒಂದಡಿ ಮಾತ್ರ, ಹಳಿಗಳು ಎರಡು. ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡೇ ಒಯ್ದು, ಸಾಧಾರಣ ಊಟದ ಮೇಜಿನ ಮೇಲೆ ಜೋಡಿಸಬಹುದು. ನಮ್ಮ ಸೋದರಳಿಯನ ಮಗಳು ಈಗ ಅಂಥದೊಂದನ್ನು ಕಟ್ಟುತ್ತಿದ್ದಾಳೆ. ಅದರಲ್ಲಿ ಎರಡು ತೆಂಗಿನಮರ ಇರಲೇಬೇಕೆಂದು ಅವಳ ಹಟ. 160ರಲ್ಲಿ ಒಂದು ಪಾಲಿನ ತೆಂಗಿನ ಗರಿಯನ್ನು ಯಾವುದರಿಂದ ಮಾಡುವುದೆಂದು ತಂದೆ ನಮ್ಮನ್ನು ಕೇಳಿ ಬರೆದಿದ್ದಾನೆ.