ಓಡುವವ ಒಬ್ಬ, ಓಡಿಸುವವರು ಐವರು

ಭಾನುವಾರ ಬೆಳಗಿನ ಜಾವ ಥಾಣೆಯ ಯೇವೂರು ರಸ್ತೆಗೋ, ಬೇಲಾಪುರದ ಪಾರ್ಸಿಕ್ ಹಿಲ್‌ಗೋ, ಖಾರ್‌ಘರ್ ಗುಡ್ಡದ ಬುಡಕ್ಕೋ ಹೋಗಿ ನೋಡಿ. ಬೆವರು ಸುರಿಸುತ್ತ ಏರು ಹತ್ತುವವರ ಗುಂಪು ಸಿಗುತ್ತದೆ. ಅದರಲ್ಲಿ ಒಬ್ಬಿಬ್ಬರಾದರೂ ಕನ್ನಡ ಮಾತಾಡುತ್ತಿರುತ್ತಾರೆ. ಮೊದಲು ಇವರ ಗುರಿ ಜನವರಿಯ ಮುಂಬಯಿ ಮ್ಯಾರಥಾನ್ ಆಗಿತ್ತು. ಈಗ ಗುರಿ ಬೆಟ್ಟದ ಕಡೆ ತಿರುಗಿದೆ. ಚಿಕ್ಕಮಗಳೂರು ಸೀಮೆಯ ಮಲ್ನಾಡ್ ಅಲ್ಟ್ರಾ, ಪುಣೆ ಬಳಿಯ ಕೋಟೆಗಳನ್ನು ಜೋಡಿಸುವ ಸಹ್ಯಾದ್ರಿ ಓಟ, ಲಡಾಖಿನ 72 ಕಿ.ಮೀ. ಖರ್ದುಂಗ್ ಲಾ ಚಾಲೆಂಜ್ ಎಂದೆಲ್ಲ ಮಾತು ನಡೆಯುತ್ತದೆ. ಕಲ್ಯಾಣದ ಬಳಿಯ ಮಲಂಗಗಡ, ಬದ್ಲಾಪುರದತ್ತ ಚಂದೇರಿ, ಅದರಾಚೆಯ ಮಾಥೇರಾನ್ ಬೆಟ್ಟಸಾಲನ್ನು ಲೋಕಲ್ ರೈಲಿನ ಕಿಟಕಿಯಿಂದ ದಿನವೂ ನೋಡುವವರಿಗೆ ಈ ಆಸೆ ಹುಟ್ಟದಿದ್ದರೇ ಆಶ್ಚರ್ಯ.

ಆಸೆ ಒಳ್ಳೆಯದೇ. ಆದರೆ ಈ ಮಾತುಕತೆಯಲ್ಲಿ ಒಬ್ಬರ ಸುದ್ದಿ ಬರುವುದೇ ಇಲ್ಲ: ಪೇಸರ್. ರಸ್ತೆ ಮ್ಯಾರಥಾನ್‌ನಲ್ಲಿ ಸಮಯ ಬರೆದ ಬಾವುಟ ಹಿಡಿದು ಓಡುವವರನ್ನು ನೀವು ನೋಡಿರಬಹುದು. ಬೆಟ್ಟದ ದೀರ್ಘ ಓಟದಲ್ಲಿ ಪೇಸರ್ ಕೆಲಸ ಅದಕ್ಕಿಂತ ಹೆಚ್ಚಿನದು. ಓಟಗಾರನ ನೀರು, ಊಟ ಹೊರಬೇಕು. ಕತ್ತಲಲ್ಲಿ ದಾರಿ ಹುಡುಕಬೇಕು. ಹತ್ತನೇ ಗಂಟೆಗೆ ಸಿಹಿ ಜೆಲ್ ಒಲ್ಲದ ಹೊಟ್ಟೆಗೆ ಉಪ್ಪು ಹಾಕಿದ ಆಲೂಗಡ್ಡೆಯನ್ನೋ ಮಜ್ಜಿಗೆಯನ್ನೋ ಕೊಡಬೇಕು. ಬೇಕಾದಾಗ ‘ನಡಿ’ ಎನ್ನಬೇಕು, ಬೇಕಾದಾಗ ‘ನಿಲ್ಲು’ ಎನ್ನಬೇಕು.

ಇಂಥ ಸವಾಲುಗಳಲ್ಲೆಲ್ಲ ಹೆಸರುವಾಸಿಯಾದುದು ಇಂಗ್ಲೆಂಡಿನ ‘ಬಾಬ್ ಗ್ರಹಾಂ ರೌಂಡ್’. ಮುಂಬಯಿ ಕನ್ನಡಿಗರು ಕೇಳಿದರೆ ಖುಷಿಪಡುವ ಸಂಗತಿಯೆಂದರೆ, ಬಾಬ್ ಗ್ರಹಾಂ ನಮ್ಮ ಎಷ್ಟೋ ಜನರಂತೆ ವಸತಿಗೃಹ ನಡೆಸುತ್ತಿದ್ದವರು. ಲೇಕ್ ಡಿಸ್ಟ್ರಿಕ್ಟ್‌ನ ಕೆಸ್ವಿಕ್ ಅವರ ಊರು. 1932ರ ಜೂನ್‌ನಲ್ಲಿ ಅವರು 24 ಗಂಟೆಯೊಳಗೆ 42 ಶಿಖರಗಳನ್ನು ಹತ್ತಿಳಿದು ಊರಿಗೆ ಮರಳಿದರು. ದಾರಿ ಸುಮಾರು 106 ಕಿ.ಮೀ., ಒಟ್ಟು ಏರು ಸುಮಾರು 8,200 ಮೀಟರ್. ಆ ದಾಖಲೆ ಮುರಿಯಲು 1960ರವರೆಗೆ ಕಾಯಬೇಕಾಯಿತು. ಗ್ರಹಾಂ ಜೊತೆಗೆ ಸರದಿಯಲ್ಲಿ ಗೆಳೆಯರು ಓಡಿದ್ದರು. 1971ರಲ್ಲಿ ಹುಟ್ಟಿದ ಕ್ಲಬ್ ಆ ಪದ್ಧತಿಯನ್ನೇ ನಿಯಮವಾಗಿಸಿತು: ಪ್ರತಿ ಶಿಖರದಲ್ಲೂ ಓಟಗಾರನ ಜೊತೆ ಒಬ್ಬ ಸಾಕ್ಷಿ ಇರಬೇಕು. ಅಂದರೆ ಜೊತೆಗಾರರಿಲ್ಲದೆ ಅಲ್ಲಿ ಸದಸ್ಯತ್ವ ಸಿಗುವುದಿಲ್ಲ. ಇಂದು ಜೊತೆಗೆ ಓಡಿದವರು ನಾಳೆ ತಾವೇ ಪ್ರಯತ್ನಿಸುತ್ತಾರೆ, ಇಂದಿನ ಓಟಗಾರ ಆಗ ಅವರ ಚೀಲ ಹೊರುತ್ತಾನೆ.

ನಮ್ಮಲ್ಲಿ ಇದು ಹೇಗೆ ನಡೆಯಬಹುದು ಎಂಬುದಕ್ಕೆ ಒಂದು ಉದಾಹರಣೆ ಹೇಳುತ್ತೇನೆ. ನಾನು ಐರೋಲಿಯಲ್ಲಿ ಕೆಲಸ ಮಾಡುವವನು. ಗದಗ ಕಡೆಯ ಸಹೋದ್ಯೋಗಿಯೊಬ್ಬರು ಚಳಿಗಾಲದ ಒಂದು ಶನಿವಾರ ಪಾರ್ಸಿಕ್ ಹಿಲ್ ಅನ್ನು ಮತ್ತೆ ಮತ್ತೆ ಹತ್ತಿಳಿದು, ಎವರೆಸ್ಟಿನ ಅರ್ಧದಷ್ಟು, ಅಂದರೆ ಸುಮಾರು 4,400 ಮೀಟರ್ ಏರಲು ಹೊರಟರು. ಪೇಸರ್‌ಗಳು ನಾವು ಐವರು: ಥಾಣೆಯಿಂದ ನಾನು, ಡೊಂಬಿವಲಿಯಿಂದ ಇಬ್ಬರು, ಕಲ್ಯಾಣದಿಂದ ಒಬ್ಬರು, ಖಾರ್‌ಘರ್‌ನಿಂದ ಒಬ್ಬರು. ಸರದಿ ಪಟ್ಟಿಯನ್ನು ಲೋಕಲ್ ರೈಲಿನ ವೇಳಾಪಟ್ಟಿ ನೋಡಿಯೇ ಮಾಡಬೇಕಾಯಿತು. ಡೊಂಬಿವಲಿ, ಕಲ್ಯಾಣದವರು ಥಾಣೆಯಲ್ಲಿ ಇಳಿದು ಟ್ರಾನ್ಸ್‌ಹಾರ್ಬರ್ ಗಾಡಿ ಹಿಡಿಯಬೇಕು. ಕೊನೆಯ ಲೋಕಲ್ ಹೋದ ಮೇಲೆ ಮೊದಲ ಲೋಕಲ್ ಬರುವವರೆಗಿನ ಹೊತ್ತಿಗೆ ಯಾರೂ ಬದಲಿಯಾಗಿ ಬರಲಾಗದು. ಆ ಪಾಳಿಯನ್ನು ಡೊಂಬಿವಲಿಯ ಉಡುಪಿ ಮೂಲದ ಬ್ಯಾಂಕ್ ಉದ್ಯೋಗಿಯೊಬ್ಬರು ತಾವಾಗಿ ಕೇಳಿ ತೆಗೆದುಕೊಂಡರು.

ನಡುರಾತ್ರಿ ಕಳೆದು ಎರಡು ಗಂಟೆ ಆಗಿರಬೇಕು. ಮುಕ್ಕಾಲು ಪಾಲು ಏರು ಮುಗಿದಿತ್ತು. ಓಟಗಾರರ ಕಾಲು ಸರಿಯಾಗಿಯೇ ಇತ್ತು, ಮಾತು ಮಾತ್ರ ತಡವರಿಸತೊಡಗಿತ್ತು. ಬ್ಯಾಂಕಿನವರು ಕೇಳಿದರು: “ಹುಬ್ಬಳ್ಳಿಯಿಂದ ನಿಮ್ಮೂರಿಗೆ ಹೋಗುವಾಗ ಯಾವ ಯಾವ ಊರು ಸಿಗ್ತದೆ, ಹೇಳಿ ಮಾರಾಯ್ರೆ.” ಹುಬ್ಬಳ್ಳಿ, ಅಣ್ಣಿಗೇರಿ, ಹುಲಕೋಟಿ, ಗದಗ. ನೂರಾರು ಸಲ ಓಡಾಡಿದ ದಾರಿ. ಅವರು ಹುಲಕೋಟಿ ಎಂದರು, ಆಮೇಲೆ ಅಣ್ಣಿಗೇರಿ ಎಂದರು, ಮತ್ತೆ ಸುಮ್ಮನಾದರು. “ಸಾಕು, ಇವತ್ತಿಗೆ ಸಾಕು” ಎಂದು ಬ್ಯಾಂಕಿನವರು ಅವರನ್ನು ಅಲ್ಲೇ ಕೂರಿಸಿ, ಕಂಬಳಿ ಹೊದಿಸಿ, ರಿಕ್ಷಾ ತರಿಸಿ ಆಸ್ಪತ್ರೆಗೆ ಕರೆದೊಯ್ದರು. ಬೆಳಗಾಗುವಷ್ಟರಲ್ಲಿ ಸುಧಾರಿಸಿಕೊಂಡರು. ಕರಾವಳಿಯ ಸೆಕೆಯಲ್ಲಿ ಬರೀ ನೀರನ್ನೇ ಕುಡಿಯುತ್ತ ಹೋದರೆ ರಕ್ತದ ಸೋಡಿಯಂ ಇಳಿಯುತ್ತದೆ, ಗೊಂದಲ ಅದರ ಲಕ್ಷಣಗಳಲ್ಲೊಂದು. ಸುಸ್ತಾದವನ ತಾಯಿನುಡಿ ಬಲ್ಲ ಒಬ್ಬರು ಪಕ್ಕದಲ್ಲಿದ್ದರೆ ಅದು ಎಷ್ಟು ಬೇಗ ಗೊತ್ತಾಗುತ್ತದೆ ಎಂಬುದನ್ನು ನಾನು ಅಂದು ಕಂಡೆ.

‘ಇಷ್ಟೆಲ್ಲ ಏಕೆ? ಯಾರ ನೆರವೂ ಇಲ್ಲದೆ ಓಡುವುದೇ ನಿಜವಾದ ಸಾಹಸ’ ಎನ್ನುವವರಿದ್ದಾರೆ. ಅವರ ಛಲವನ್ನು ಗೌರವಿಸುತ್ತೇನೆ, ವಾದವನ್ನು ಒಪ್ಪಲಾರೆ. 2021ರ ಮೇ 22ರಂದು ಚೀನಾದ ಗಾನ್ಸು ಪ್ರಾಂತ್ಯದ 100 ಕಿ.ಮೀ. ಬೆಟ್ಟದ ಓಟದಲ್ಲಿ ಗಾಳಿ, ಆಲಿಕಲ್ಲು, ಚಳಿಗೆ ಸಿಕ್ಕಿ 21 ಮಂದಿ ಸತ್ತರು. ಅವರಲ್ಲಿ ಆ ದೇಶದ ಅಗ್ರ ಓಟಗಾರರೂ ಇದ್ದರು. ಅಲ್ಲಿ ಆರು ಜನರನ್ನು ಉಳಿಸಿದ್ದು ಒಬ್ಬ ಕುರಿಗಾಹಿ, ತನ್ನ ಗುಹೆಯಲ್ಲಿ ಬೆಂಕಿ ಹಾಕಿ. ನಮ್ಮ ಪಕ್ಕದಲ್ಲೇ, 2023ರ ಜುಲೈನಲ್ಲಿ ಇರ್ಶಾಲ್‌ಗಡದ ಮಡಿಲಿನ ಇರ್ಶಾಲವಾಡಿ ಭೂಕುಸಿತಕ್ಕೆ ಸಿಕ್ಕಾಗ ರಕ್ಷಣಾ ತಂಡಗಳು ಮಳೆಯಲ್ಲಿ, ಕತ್ತಲಲ್ಲಿ ಕಾಲ್ನಡಿಗೆಯಲ್ಲೇ ಹತ್ತಬೇಕಾಯಿತು. ಹತ್ತುವಾಗ ನವಿಮುಂಬಯಿ ಅಗ್ನಿಶಾಮಕ ದಳದ ಅಧಿಕಾರಿಯೊಬ್ಬರು ಹೃದಯಾಘಾತದಿಂದ ತೀರಿಕೊಂಡರು. ಸಹ್ಯಾದ್ರಿಯ ಮೇಲೆ ನೆರವು ತಲುಪಲು ಗಂಟೆಗಳು ಬೇಕು. ಆ ಗಂಟೆಗಳಲ್ಲಿ ನಿಮಗಿರುವುದು ಪಕ್ಕದಲ್ಲಿ ಓಡುತ್ತಿರುವ ಮನುಷ್ಯ ಮಾತ್ರ. ನೀವು ಒಬ್ಬರೇ ಹೋಗಿ ಬಿದ್ದರೆ ನಿಮ್ಮನ್ನು ಹೊತ್ತು ತರುವ ಹಳ್ಳಿಯವರ, ಸಿಬ್ಬಂದಿಯ ಜೀವವನ್ನೂ ಪಣಕ್ಕಿಟ್ಟಂತಾಗುತ್ತದೆ.

ಹಾಗೆ ನೋಡಿದರೆ ಪೇಸರ್ ಎಂಬ ಪದ ಹೊಸದು, ಕೆಲಸ ನಮಗೆ ಹೊಸದಲ್ಲ. ಉತ್ತರ ಕರ್ನಾಟಕದಿಂದ ಯುಗಾದಿಗೆ ಶ್ರೀಶೈಲಕ್ಕೆ ನಡೆದು ಹೋಗುವವರಿಗೆ ದಾರಿಯುದ್ದಕ್ಕೂ ಊಟ, ನೀರು ಕೊಡುವವರು, ಬೊಬ್ಬೆ ಎದ್ದ ಕಾಲಿಗೆ ಎಣ್ಣೆ ಹಚ್ಚುವವರು ಇದ್ದೇ ಇರುತ್ತಾರೆ. ಶಬರಿಮಲೆಗೆ ಮೊದಲ ಸಲ ಹೋಗುವ ಕನ್ನಿಸ್ವಾಮಿಯ ಪಕ್ಕದಲ್ಲಿ ಗುರುಸ್ವಾಮಿ ಇರುತ್ತಾರೆ. ಊರಿನಿಂದ ಮುಂಬಯಿಗೆ ಬಂದ ಹುಡುಗನಿಗೆ ಹೋಟೆಲಿನ ಅಟ್ಟದಲ್ಲಿ ಚಾಪೆ ಹಾಸಲು ಜಾಗ ಕೊಟ್ಟವರು, ರಾತ್ರಿ ಶಾಲೆಯ ದಾರಿ ತೋರಿಸಿದವರು ಮಾಡಿದ್ದೂ ಇದನ್ನೇ. ನಮ್ಮ ತಲೆಮಾರಿಗೆ ಕಂಪನಿಯ ಆಫರ್ ಲೆಟರ್ ಮತ್ತು ಬಾಡಿಗೆ ಫ್ಲ್ಯಾಟ್ ಸಿಕ್ಕಿದ್ದರಿಂದ ‘ಒಬ್ಬನೇ ಬಂದೆ, ಒಬ್ಬನೇ ಬೆಳೆದೆ’ ಎಂದು ಹೇಳಿಕೊಳ್ಳುವುದು ಸುಲಭವಾಗಿದೆ. ಎದುರು ಮನೆಯ ಕನ್ನಡಿಗನ ಹೆಸರು ಗೊತ್ತಿಲ್ಲದೆ ಹತ್ತು ವರ್ಷ ಕಳೆಯುವುದೂ ಸುಲಭವಾಗಿದೆ.

ಆದ್ದರಿಂದ ನನ್ನ ಸಲಹೆ ಇಷ್ಟೇ. ಸ್ವಂತ ದೊಡ್ಡ ಓಟಕ್ಕೆ ಹೆಸರು ಕೊಡುವ ಮೊದಲು ಇಬ್ಬರಿಗೆ ಪೇಸರ್ ಆಗಿ. ದುಡ್ಡು ಕೊಟ್ಟು ತಂಡ ಕಟ್ಟಿಕೊಳ್ಳುವುದಕ್ಕೂ ಇದಕ್ಕೂ ವ್ಯತ್ಯಾಸವಿದೆ. ಇನ್ನೊಬ್ಬರ ಸುಸ್ತನ್ನು ಹತ್ತಿರದಿಂದ ನೋಡಿದವರಿಗೆ ತಮ್ಮ ಸುಸ್ತನ್ನು ಗುರುತಿಸುವುದು ತಿಳಿಯುತ್ತದೆ, ‘ನಿಲ್ಲು’ ಎಂದಾಗ ಕೇಳುವ ವಿನಯವೂ ಬರುತ್ತದೆ. ಹೊರಡುವ ಮೊದಲೇ ಒಂದು ಮಾತು ಖಚಿತವಾಗಿರಲಿ: ನಿಲ್ಲಿಸುವ ಅಧಿಕಾರ ಪೇಸರ್‌ಗೆ. ಮಳೆಗಾಲದಲ್ಲಿ ಜಿಲ್ಲಾಡಳಿತ ನಿರ್ಬಂಧ ಹಾಕಿದ ಕಡೆ ಹೋಗುವುದೇ ಬೇಡ.

ಥಾಣೆಯಿಂದ ನವಿಮುಂಬಯಿವರೆಗಿನ ನಮ್ಮ ಕನ್ನಡ ಸಂಘಗಳಿಗೂ ಒಂದು ವಿನಂತಿ. ಸಭಾಂಗಣದಲ್ಲಿ ಯುವಕರು ಕಾಣುವುದಿಲ್ಲ ಎಂದು ಹಿರಿಯರು ಬೇಸರಪಡುತ್ತಾರೆ. ಅವರಲ್ಲಿ ಕೆಲವರು ಬೆಳಗಿನ ಜಾವ ಗುಡ್ಡದ ಮೇಲಿರುತ್ತಾರೆ. ಜೊತೆಗೆ ಓಡಲು, ಕಾರು ಓಡಿಸಲು, ಮೊಸರನ್ನ ತಂದುಕೊಡಲು ತಯಾರಿರುವವರ ಒಂದು ಪಟ್ಟಿ ಸಂಘದಲ್ಲಿರಲಿ. ಅರವತ್ತು ದಾಟಿದವರೂ ಬುಡದಲ್ಲಿ ಥರ್ಮಾಸ್ ಹಿಡಿದು ಕೂರಬಹುದು. ರಾಜ್ಯೋತ್ಸವದ ದಿನ ಓಟಗಾರನಿಗೆ ಶಾಲು ಹೊದಿಸುವಾಗ ಅವನ ಪೇಸರ್‌ಗಳನ್ನೂ ವೇದಿಕೆಗೆ ಕರೆಯಿರಿ. ಪಾರ್ಸಿಕ್ ಹಿಲ್‌ನಲ್ಲಿ ಓಟ ನಿಲ್ಲಿಸಿದ ನಮ್ಮ ಗದಗದವರು ವಾರವಿಡೀ ಮುನಿಸಿಕೊಂಡಿದ್ದರು. ಮುಂದಿನ ಚಳಿಗಾಲಕ್ಕೆ ಬ್ಯಾಂಕಿನವರು ಅದೇ ಏರು ಹತ್ತಲಿದ್ದಾರೆ. ಕೊನೆಯ ಲೋಕಲ್ ಹೋದ ಮೇಲಿನ ಪಾಳಿ ಈ ಸಲ ಗದಗದವರದ್ದು.