ಸಂಶೋಧನೆಗೆ ವಿಷಯ ನಿಮ್ಮ ಮನೆಯಲ್ಲೇ ಇದೆ



ಎಂ.ಎಸ್.ಡಬ್ಲ್ಯೂ., ಮನಶ್ಶಾಸ್ತ್ರ, ಸಮಾಜಶಾಸ್ತ್ರ ಎಂದು ಕಲಿಯುವ ಹೆಣ್ಣು ಮಕ್ಕಳು ಈಗ ನಮ್ಮ ಅನೇಕ ಮನೆಗಳಲ್ಲಿದ್ದಾರೆ. ಕೊನೆಯ ವರ್ಷ ಬಂತೆಂದರೆ ಅವರಿಗೆ ಒಂದೇ ಚಿಂತೆ. ಕಿರು ಸಂಶೋಧನಾ ಪ್ರಬಂಧಕ್ಕೆ ವಿಷಯ ಯಾವುದು? ಹಿಂದಿನ ಬ್ಯಾಚಿನವರು ಏನು ಮಾಡಿದ್ದಾರೆ ಎಂದು ಲೈಬ್ರರಿಯಲ್ಲಿ ಹುಡುಕುತ್ತಾರೆ. ಕೊನೆಗೆ ಹಲವರು ಬಂದು ನಿಲ್ಲುವುದು ಇಂತಹ ಒಂದು ಶೀರ್ಷಿಕೆಯ ಬಳಿ: "ಮಾನಸಿಕ ಚಿಕಿತ್ಸೆಯ ಕುರಿತು ಮುಸ್ಲಿಮ್ ಮಹಿಳೆಯರ ಮನೋಭಾವ - ಒಂದು ಅಧ್ಯಯನ."

ಕೇಳಲು ಚೆನ್ನಾಗಿದೆ. ಗೈಡ್ ಕೂಡ ಒಪ್ಪಿಬಿಡುತ್ತಾರೆ. ಮುಂದೆ ನೂರು ಪ್ರಶ್ನಾವಳಿ ಝೆರಾಕ್ಸ್ ಆಗುತ್ತದೆ. ಅರ್ಧದಷ್ಟು ಹಾಸ್ಟೆಲಿನ ಗೆಳತಿಯರ ಕೈಗೆ ಹೋಗುತ್ತದೆ, ಉಳಿದದ್ದು ಸಂಬಂಧಿಕರ ಮನೆಗಳಿಗೆ. "ಮಾನಸಿಕ ಕಾಯಿಲೆಗೆ ಚಿಕಿತ್ಸೆ ಅಗತ್ಯವೇ?" ಹೌದು. "ಅಗತ್ಯ ಬಿದ್ದರೆ ಆಪ್ತ ಸಮಾಲೋಚಕರನ್ನು ಕಾಣುವಿರಾ?" ಹೌದು. ಇದಕ್ಕೆ 'ಇಲ್ಲ' ಎಂದು ಟಿಕ್ ಹಾಕುವ ವಿದ್ಯಾವಂತೆ ಯಾರಿದ್ದಾರೆ? ಕೊನೆಯ ಅಧ್ಯಾಯದಲ್ಲಿ 'ಜಾಗೃತಿ ಮೂಡಿಸಬೇಕು' ಎಂಬ ಸಲಹೆ ಸೇರಿಸಿ, ರೆಕ್ಸಿನ್ ಬೈಂಡ್ ಮಾಡಿಸಿ ಒಪ್ಪಿಸಿದರೆ ಮುಗಿಯಿತು. ಓದಿದವರಿಗೆ ಮೊದಲೇ ತಿಳಿದಿದ್ದುದಕ್ಕಿಂತ ಹೆಚ್ಚಿನದು ಅದರಲ್ಲಿ ಏನೂ ಇರುವುದಿಲ್ಲ.

ಈ ತಿಂಗಳು ಇದನ್ನು ಬರೆಯುತ್ತಿರುವುದು ವಿದ್ಯಾರ್ಥಿನಿಯರಿಗಾಗಿ ಮಾತ್ರವಲ್ಲ. ಫಾರ್ಮು ಹಿಡಿದುಕೊಂಡು ಆ ಹುಡುಗಿ ಬರುವುದು ನಿಮ್ಮ ಮನೆ ಬಾಗಿಲಿಗೆ. ಆದ್ದರಿಂದ ತಾಯಂದಿರೂ ಓದಬೇಕು.

ಮೊದಲು ಒಂದು ಲೆಕ್ಕ ನೋಡೋಣ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯು 2015-16ರಲ್ಲಿ ದೇಶದ 12 ರಾಜ್ಯಗಳಲ್ಲಿ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆ ನಡೆಸಿತು. ವಯಸ್ಕರಲ್ಲಿ ಸುಮಾರು ಹತ್ತರಲ್ಲಿ ಒಬ್ಬರಿಗೆ ಒಂದಲ್ಲ ಒಂದು ಮಾನಸಿಕ ತೊಂದರೆ ಇರುವುದು ಅದರಲ್ಲಿ ಕಂಡುಬಂತು. ಅವರ ಪೈಕಿ ಚಿಕಿತ್ಸೆ ದೊರೆಯದೆ ಉಳಿದವರು, ಕಾಯಿಲೆಗೆ ಅನುಸಾರವಾಗಿ, ಶೇಕಡಾ 70ರಿಂದ 92. ನಮ್ಮ ರಾಜ್ಯದ ಮಟ್ಟಿಗೆ ಇದು ಇನ್ನಷ್ಟು ಯೋಚಿಸಬೇಕಾದ ಮಾತು. ಏಕೆಂದರೆ ಜಿಲ್ಲಾ ಮಟ್ಟದಲ್ಲಿ ಮಾನಸಿಕ ಚಿಕಿತ್ಸೆಯನ್ನು ಹಳ್ಳಿಗೆ ತಲುಪಿಸುವ ಪ್ರಯೋಗ ದೇಶಕ್ಕೇ ಮಾದರಿಯಾದದ್ದು ಬಳ್ಳಾರಿಯಲ್ಲಿ, 1980ರ ದಶಕದಲ್ಲಿ. ಆ ಬಳಿಕ ತಾಲೂಕು ಆಸ್ಪತ್ರೆಗಳಿಗೆ ಮಂಗಳವಾರಗಳಂದು ಮನೋವೈದ್ಯರನ್ನು ಕಳುಹಿಸುವ 'ಮನೋಚೈತನ್ಯ' ಕಾರ್ಯಕ್ರಮವನ್ನೂ ಸರಕಾರ ಆರಂಭಿಸಿತು. ಹೀಗಿದ್ದೂ ನಮ್ಮ ಮನೆಯ ಹೆಣ್ಣು ಮಗಳು ಆ ಬಾಗಿಲ ತನಕ ತಲುಪುವುದಿಲ್ಲವೆಂದರೆ ನಡುವೆ ಏನಾಗುತ್ತಿದೆ?

ಇದು ಸಂಶೋಧನೆಯ ಪ್ರಶ್ನೆ. 'ಮನೋಭಾವ' ಎಂಬ ದೊಡ್ಡ ಪದ ಅದನ್ನು ಮುಚ್ಚಿಬಿಡುತ್ತದೆ.

ನಮ್ಮ ಮನೆಗಳ ವ್ಯವಸ್ಥೆಯನ್ನು ಸ್ವಲ್ಪ ನೆನಪಿಸಿಕೊಳ್ಳಿ. ಸೊಸೆಗೆ ಜ್ವರ ಬಂದರೆ ಯಾರನ್ನೂ ಕೇಳಬೇಕಾಗಿಲ್ಲ, ಮೈದುನನ ಜೊತೆ ಕ್ಲಿನಿಕ್ಕಿಗೆ ಹೋಗಿ ಬರುತ್ತಾಳೆ. ಅದೇ ಸೊಸೆಗೆ ತಿಂಗಳುಗಟ್ಟಲೆ ನಿದ್ದೆಯಿಲ್ಲ, ಒಲೆಯ ಮುಂದೆ ನಿಂತಲ್ಲೇ ಅಳು ಬರುತ್ತದೆ ಎಂದಾದರೆ ನಿರ್ಧಾರ ಅವಳ ಕೈಯಲ್ಲಿ ಇರುವುದಿಲ್ಲ. ಅತ್ತೆ ಒಪ್ಪಬೇಕು. ಗಲ್ಫ್‌ನಲ್ಲಿರುವ ಗಂಡನಿಗೆ ಫೋನಿನಲ್ಲಿ ಹೇಳಬೇಕು, ಹೇಗೆ ಹೇಳುವುದೆಂದು ಎರಡು ವಾರ ಯೋಚಿಸಬೇಕು. ತವರಿಗೆ ತಿಳಿಸಿದರೆ ಉಮ್ಮನ ಬಿ.ಪಿ. ಏರುತ್ತದೆ. ಜೊತೆಗೆ ಬರುವವರು ಯಾರು, ಕಾರಿನ ಬಾಡಿಗೆ ಯಾರು ಕೊಡುವುದು, ಆಸ್ಪತ್ರೆಯ ಆ ವಿಭಾಗದ ಬೋರ್ಡಿನ ಕೆಳಗೆ ಕುಳಿತಿದ್ದಾಗ ಮೊಹಲ್ಲಾದವರು ಕಂಡರೆ ಏನು ಉತ್ತರ? ನಾದಿನಿಗೆ ಸಂಬಂಧ ನೋಡುತ್ತಿರುವಾಗ 'ಆ ಮನೆಯ ಸೊಸೆಗೆ ತಲೆ ಸರಿಯಿಲ್ಲವಂತೆ' ಎಂಬ ಮಾತು ಹೊರಗೆ ಬಿದ್ದರೆ? ಇಷ್ಟೆಲ್ಲ ಆದ ಮೇಲೆ ಸರದಿಯ ಕೊನೆಯಲ್ಲಿ ಬರುವುದು ರೋಗಿಯ 'ಮನೋಭಾವ'.

ವಿದ್ಯಾರ್ಥಿನಿಯರೇ, ನಿಮ್ಮಲ್ಲಿ ಅನೇಕರು ಫಿಶರ್ ಮತ್ತು ಟರ್ನರ್ ಅವರು 1970ರಲ್ಲಿ ಸಿದ್ಧಪಡಿಸಿದ ಮಾಪಕವನ್ನು ಬಳಸುತ್ತೀರಿ. ಅದರಲ್ಲಿ 29 ಹೇಳಿಕೆಗಳಿವೆ. 1995ರಲ್ಲಿ ಬಂದ ಚಿಕ್ಕ ರೂಪದಲ್ಲಿ ಹತ್ತು. ಒಳ್ಳೆಯ ಮಾಪಕವೇ. ಆದರೆ ಅದು ಹುಟ್ಟಿದ್ದು ಅಮೆರಿಕದ ವಿದ್ಯಾರ್ಥಿಗಳ ನಡುವೆ. ನನಗೆ ತೊಂದರೆಯಾದರೆ ನಾನು ತಜ್ಞರ ಬಳಿಗೆ ಹೋಗುವೆನೇ ಎಂಬುದು ಅದರ ಧಾಟಿ. 'ನಾನು ಹೋಗುತ್ತೇನೆ' ಎಂಬ ವಾಕ್ಯವನ್ನೇ ಆಡದ ಮಹಿಳೆಯೂ ಅದಕ್ಕೆ ಒಪ್ಪುತ್ತೇನೆ ಎಂದು ಗುರುತು ಹಾಕುತ್ತಾಳೆ, ನಿಮ್ಮ ಕೋಷ್ಟಕದಲ್ಲಿ ಅವಳು 'ಸಕಾರಾತ್ಮಕ ಮನೋಭಾವ'ದ ಸಾಲಿಗೆ ಸೇರುತ್ತಾಳೆ, ಮನೆಯಲ್ಲಿ ಮಾತ್ರ ಹಾಗೆಯೇ ಇರುತ್ತಾಳೆ. ಮಾಪಕ ಬಳಸಬೇಡಿ ಎನ್ನುತ್ತಿಲ್ಲ. ಅದರ ಜೊತೆ ಕಾಯಿಲೆಯ ವಿಷಯದಲ್ಲಿ ಮನೆಯೊಳಗೆ ಯಾರ ಮಾತು ನಡೆಯುತ್ತದೆ ಎಂಬುದನ್ನೂ ಕೇಳಿ. ಸಾಧ್ಯವಾದರೆ ಅದನ್ನೇ ಪ್ರಬಂಧದ ವಿಷಯವಾಗಿಸಿ.

ಇನ್ನೂ ಸಣ್ಣದಾಗಿ ಹಿಡಿಯಬಹುದು. ಒಮ್ಮೆ ವೈದ್ಯರನ್ನು ಕಂಡು ಎರಡನೇ ಸಲ ಹೋಗದವರ ಕಥೆಯೇ ಒಂದು ಪ್ರಬಂಧಕ್ಕೆ ಸಾಕು. ಮಾತ್ರೆಯಿಂದ ನಿದ್ದೆ ಜಾಸ್ತಿಯಾಗಿ ಮನೆಕೆಲಸ ನಿಂತಿತೇ? ಖಿನ್ನತೆಯ ಮಾತ್ರೆಗಳು ಪರಿಣಾಮ ತೋರಿಸಲು ಕೆಲವು ವಾರಗಳು ಬೇಕೆಂಬುದನ್ನು ಯಾರೂ ಹೇಳಿರಲಿಲ್ಲವೇ? ಆಪ್ತ ಸಲಹೆ ಎಂದರೆ ಒಂದೇ ದಿನದ ಬುದ್ಧಿಮಾತು ಎಂದುಕೊಂಡಿದ್ದರೇ?

ಹೆರಿಗೆಯ ನಂತರದ ನಲ್ವತ್ತು ದಿನ ಇನ್ನೊಂದು. ಬಾಣಂತಿಯ ಸುತ್ತ ನಾಲ್ಕು ಮಂದಿ ಹೆಂಗಸರಿರುತ್ತಾರೆ, ಎಣ್ಣೆಸ್ನಾನ, ಮದ್ದು, ಆಹಾರ ಎಲ್ಲ ಹೊತ್ತುಹೊತ್ತಿಗೆ ನಡೆಯುತ್ತದೆ. ಮಗುವನ್ನು ನೋಡಿದರೂ ಅವಳ ಮುಖದಲ್ಲಿ ಸಂತೋಷವಿಲ್ಲ ಎಂಬುದನ್ನು ಮೊದಲು ಗಮನಿಸುವವರು ಯಾರು, ಅದಕ್ಕೆ ಅವರು ಏನು ಹೆಸರು ಕೊಡುತ್ತಾರೆ, ಎಲ್ಲಿಗೆ ಕರೆದೊಯ್ಯುತ್ತಾರೆ? ಇದನ್ನು ಅಳೆಯಲು 1987ರಲ್ಲಿ ಬಂದ ಎಡಿನ್‌ಬರೊ ಪ್ರಶ್ನಾವಳಿ ಇದೆ, ಹತ್ತೇ ಪ್ರಶ್ನೆ, ಕಳೆದ ಏಳು ದಿನಗಳ ಬಗ್ಗೆ. ಅದರ ಕನ್ನಡ ರೂಪವೂ ಸಂಶೋಧನೆಯಲ್ಲಿ ಬಳಕೆಯಾಗಿದೆ. ಆದರೆ ಎಚ್ಚರ. ಅದರ ಹತ್ತನೆಯ ಪ್ರಶ್ನೆ ತನಗೆ ತಾನೇ ಹಾನಿ ಮಾಡಿಕೊಳ್ಳುವ ಯೋಚನೆಯ ಕುರಿತಾದದ್ದು. 'ಹೌದು' ಎಂಬ ಉತ್ತರ ಬಂದರೆ ಆ ಕ್ಷಣದಲ್ಲಿ ಏನು ಮಾಡಬೇಕೆಂದು ಗೈಡ್ ಜೊತೆ ಮೊದಲೇ ಗೊತ್ತುಪಡಿಸಿಕೊಳ್ಳದೆ ಆ ಹಾಳೆಯನ್ನು ಯಾರ ಕೈಗೂ ಕೊಡಬೇಡಿ.

ಇನ್ನು ಉಸ್ತಾದರು, ತಂಙಳರು, ದರ್ಗಾಗಳ ವಿಷಯ. ಈ ಬಗ್ಗೆ ಬರೆಯುವ ಹುಡುಗಿಯರು 'ಮೂಢನಂಬಿಕೆ' ಎಂಬ ತೀರ್ಮಾನವನ್ನು ಮನೆಯಿಂದಲೇ ಕಟ್ಟಿಕೊಂಡು ಹೊರಡುತ್ತಾರೆ. ಹಾಗೆ ಹೋದವರಿಗೆ ಯಾರೂ ಬಾಯಿ ಬಿಡುವುದಿಲ್ಲ. 2001ರ ಆಗಸ್ಟ್ 6ರಂದು ತಮಿಳುನಾಡಿನ ಏರ್ವಾಡಿಯಲ್ಲಿ, ದರ್ಗಾದ ನೆರಳಿನಲ್ಲಿ ನಡೆಯುತ್ತಿದ್ದ ಖಾಸಗಿ ಆಶ್ರಯ ಕೇಂದ್ರವೊಂದಕ್ಕೆ ಬೆಂಕಿ ಬಿತ್ತು. ಸರಪಳಿಯಲ್ಲಿ ಕಟ್ಟಿಹಾಕಿದ್ದ ಮಾನಸಿಕ ರೋಗಿಗಳು ಓಡಲಾಗದೆ 28 ಮಂದಿ ಸತ್ತರು. ಅದನ್ನು ಮರೆಯುವಂತಿಲ್ಲ. ಅದೇ ವೇಳೆ ಗುಜರಾತಿನ ಉನಾವಾದ ಮೀರಾ ದಾತಾರ್ ದರ್ಗಾದಲ್ಲಿ ನಡೆದದ್ದನ್ನೂ ತಿಳಿದಿರಬೇಕು. ಅಲ್ಲಿ 'ದವಾ ಔರ್ ದುಆ' ಎಂಬ ಹೆಸರಿನಲ್ಲಿ ಮನೋವೈದ್ಯರು ದರ್ಗಾದ ಆವರಣದಲ್ಲೇ ರೋಗಿಗಳನ್ನು ನೋಡತೊಡಗಿದರು, ಮುಜಾವರರೇ ರೋಗಿಗಳನ್ನು ಅವರ ಬಳಿಗೆ ಕಳುಹಿಸಿದರು. ಹಾಗಾದರೆ ನಿಮ್ಮ ಊರಿನ ಉಸ್ತಾದರ ಬಳಿಗೆ ಮಂತ್ರಿಸಿದ ನೀರಿಗಾಗಿ ಬರುವವರಿಗೆ ಅವರು ಏನು ಹೇಳುತ್ತಾರೆ? 'ಡಾಕ್ಟರರನ್ನೂ ನೋಡಿ' ಎನ್ನುವವರಿದ್ದಾರೆಯೇ, ಅವರ ಮಾತನ್ನು ಮನೆಯವರು ಕೇಳುತ್ತಾರೆಯೇ? ಇಂತಹ ಪ್ರಬಂಧವನ್ನು ಹೊರಗಿನವರಿಗಿಂತ ನಮ್ಮ ಹುಡುಗಿಯರೇ ಚೆನ್ನಾಗಿ ಬರೆಯಬಲ್ಲರು.

ಈಮಾನ್ ಗಟ್ಟಿಯಿದ್ದರೆ ಮನಸ್ಸಿಗೆ ಕಾಯಿಲೆ ಬರುವುದಿಲ್ಲ ಎನ್ನುವವರೂ ಸಿಗುತ್ತಾರೆ. ಅವರೊಂದಿಗೆ ವಾದಕ್ಕೆ ಇಳಿಯಬೇಡಿ, ಹೇಳಿದ್ದನ್ನು ಬರೆದುಕೊಳ್ಳಿ. ನಿಮ್ಮ ಪೀಠಿಕೆಯ ಅಧ್ಯಾಯಕ್ಕೆ ಬೇಕಾದರೆ ಅಬೂ ಝೈದ್ ಅಲ್ ಬಲ್ಖಿ ಇದ್ದಾರೆ. ಕ್ರಿ.ಶ. 934ರಲ್ಲಿ ತೀರಿಕೊಂಡ ಈ ವಿದ್ವಾಂಸರು ದೇಹ ಮತ್ತು ಮನಸ್ಸು ಎರಡರ ಆರೋಗ್ಯಕ್ಕೂ ಸೇರಿಸಿ ಒಂದೇ ಗ್ರಂಥ ಬರೆದರು. ಕಾರಣ ತಿಳಿದಿರುವ ದುಃಖ, ಕಾರಣವೇ ತಿಳಿಯದ ದುಃಖ ಎಂದು ಬೇರ್ಪಡಿಸಿ, ಎರಡಕ್ಕೂ ಉಪಚಾರ ಹೇಳಿದರು.

ಭಾಷೆಯ ತೊಡಕು ಇವೆಲ್ಲಕ್ಕಿಂತ ದೊಡ್ಡದು. 'ಖಿನ್ನತೆ', 'ಉದ್ವೇಗ' ಎಂಬುವು ಪಠ್ಯಪುಸ್ತಕದ ಪದಗಳು. ಮಂಗಳೂರಿನ ಕಡೆ 'ಮಂಡೆಬಿಸಿ' ಎನ್ನುತ್ತಾರೆ. ದಖ್ಖನಿ ಆಡುವ ಮನೆಯಲ್ಲಿ 'ದಿಲ್ ಘಬರಾತಾ' ಎನ್ನುತ್ತಾರೆ, ಇಲ್ಲವೇ 'ನಜರ್' ಆಗಿದೆ ಎನ್ನುತ್ತಾರೆ. ಮನೆಯಲ್ಲಿ ಬ್ಯಾರಿ, ನವಾಯತಿ ಅಥವಾ ಉರ್ದು ಆಡುವ ಅಜ್ಜಿಯ ಮುಂದೆ ಕನ್ನಡದ ಪ್ರಶ್ನಾವಳಿ ಇಟ್ಟರೆ ಅವಳು ಉತ್ತರಿಸುವುದು ನಿಮ್ಮ ಮರ್ಯಾದೆಗಾಗಿ. ಪ್ರಶ್ನೆಗಳನ್ನು ಮನೆಮಾತಿಗೆ ತನ್ನಿ. ಬಳಿಕ ಮೂಲ ನೋಡದ ಇನ್ನೊಬ್ಬರಿಂದ ಮತ್ತೆ ಇಂಗ್ಲಿಷಿಗೆ ಮಾಡಿಸಿ ಹೋಲಿಸಿ.

ಗುಟ್ಟಿನ ಮಾತಿಗೆ ಬರೋಣ. ಮೊಹಲ್ಲಾ ಚಿಕ್ಕದು. 'ಎರಡು ಮಕ್ಕಳ ತಾಯಿ, 27 ವರ್ಷ, ಗಂಡ ದಮಾಮಿನಲ್ಲಿ' ಎಂದು ಬರೆದರೆ ಹೆಸರು ಬರೆಯದಿದ್ದರೂ ಬರೆದಂತೆಯೇ. ಆದ್ದರಿಂದ ನಿಮ್ಮದೇ ಬೀದಿಯಲ್ಲಿ ಮಾಹಿತಿ ಸಂಗ್ರಹಿಸಬೇಡಿ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2017ರ ನೈತಿಕ ಮಾರ್ಗಸೂಚಿ ಆರೋಗ್ಯಕ್ಕೆ ಸಂಬಂಧಿಸಿದ ಸಾಮಾಜಿಕ ಅಧ್ಯಯನಗಳನ್ನೂ ಒಳಗೊಂಡಿದೆ. ಕಾಲೇಜಿನ ನೈತಿಕ ಸಮಿತಿಯ ಒಪ್ಪಿಗೆ ಮೊದಲು, ಮನೆ ಭೇಟಿ ಆಮೇಲೆ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯಿದೆಯು ರೋಗಿಯ ಗೌಪ್ಯತೆಯನ್ನು ಹಕ್ಕೆಂದೇ ಹೇಳಿದೆ. ವೈದ್ಯರಿಗಿರುವ ಆ ಬಿಗಿ ವಿದ್ಯಾರ್ಥಿನಿಗೂ ಇರಲಿ. ಮನೆಯಲ್ಲೇ ಯಾರಿಗಾದರೂ ಕಾಯಿಲೆ ಇದ್ದರೆ ಅವರನ್ನು ನಿಮ್ಮ ಪ್ರಬಂಧದ 'ಪ್ರಕರಣ' ಮಾಡಬೇಡಿ, ಅಕ್ಕನಿಗೆ ನೀವು ತಂಗಿಯಾಗಿಯೇ ಬೇಕು. ಮಾತಿನ ನಡುವೆ ಯಾರಾದರೂ ಅತ್ತರೆ ಪೆನ್ನು ಕೆಳಗಿಡಿ. ನೀವು ಇನ್ನೂ ಸಮಾಲೋಚಕಿಯಲ್ಲ. 14416 ಎಂಬ ಟೆಲಿ ಮಾನಸ್ ಸಂಖ್ಯೆಯನ್ನು ಒಂದು ಚೀಟಿಯಲ್ಲಿ ಬರೆದು ಕೊಡಿ. 2022ರ ಅಕ್ಟೋಬರಿನಿಂದ ನಡೆಯುತ್ತಿರುವ ಸರಕಾರದ ಉಚಿತ ಸೇವೆ ಇದು, ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲೂ ಮಾತಾಡುತ್ತಾರೆ.

ತಾಯಂದಿರಲ್ಲಿ ಒಂದು ವಿನಂತಿ. ಹುಡುಗಿ ಬಂದಾಗ 'ನಮ್ಮಲ್ಲಿ ಅಂಥದ್ದೇನೂ ಇಲ್ಲ ಮಗಳೇ' ಎಂದು ಬಾಗಿಲಲ್ಲೇ ಕಳುಹಿಸಬೇಡಿ. ಒಳಗೆ ಕರೆದು ಕೂರಿಸಿ, ಚಹಾ ಕೊಡಿ. ಸೊಸೆಯನ್ನು ಕೇಳಿದ ಪ್ರಶ್ನೆಗೆ ನೀವು ಉತ್ತರಿಸಬೇಡಿ. ಮೊಮ್ಮಗುವನ್ನೆತ್ತಿಕೊಂಡು ಅರ್ಧ ಗಂಟೆ ಪಕ್ಕದ ಮನೆಗೆ ಹೋಗಿ ಬಂದರೆ ಆ ವಿದ್ಯಾರ್ಥಿನಿಗೆ ನೀವು ಮಾಡುವ ದೊಡ್ಡ ಉಪಕಾರ ಅದೇ.

ಸಂಖ್ಯೆಯ ಬಗ್ಗೆ ಗೈಡ್ ಪಟ್ಟು ಹಿಡಿಯಬಹುದು. ಹದಿನೈದು ಮಹಿಳೆಯರ ಜೊತೆ ಒಂದೊಂದು ಗಂಟೆ ಕುಳಿತು ಮಾತಾಡುವುದೂ ಸಂಶೋಧನೆಯ ಒಪ್ಪಿತ ವಿಧಾನವೇ ಎಂದು ಗೌರವದಿಂದ ತಿಳಿಸಿ. ಒಪ್ಪದಿದ್ದರೆ ನೂರು ಫಾರ್ಮಿನ ಜೊತೆ ಐದಾರು ಸಂದರ್ಶನಗಳನ್ನಾದರೂ ಸೇರಿಸಿಕೊಳ್ಳಿ. ಸಿನಾಪ್ಸಿಸ್ ಒಪ್ಪಿಸುವ ಮೊದಲು ನಿಮ್ಮ ಪ್ರಶ್ನೆಗಳನ್ನು ಅಡುಗೆಮನೆಯಲ್ಲಿ ಈರುಳ್ಳಿ ಹೆಚ್ಚುತ್ತಿರುವ ಚಿಕ್ಕಮ್ಮನಿಗೆ ಗಟ್ಟಿಯಾಗಿ ಓದಿ ಹೇಳಿ. 'ಏನು ಕೇಳಿದ್ದು?' ಎಂದು ಅವರು ತಲೆಯೆತ್ತಿದರೆ ಆ ಪ್ರಶ್ನೆಯನ್ನು ತಿದ್ದಿ. ಕತ್ತಿ ಕೆಳಗಿಟ್ಟು ಯಾರದೋ ಕಥೆ ಹೇಳಲು ತೊಡಗಿದರೆ ಅದನ್ನು ಹಾಗೆಯೇ ಉಳಿಸಿಕೊಳ್ಳಿ.